ಮುರಿತ ಹುಡುಕುವ ಎಐ: ಎಲ್ಲ ಸರಿ, ಆ ಹಸಿರು ಗುರುತು ಬೇಡವಿತ್ತು

ರಾತ್ರಿ ಪಾಳಿಯಲ್ಲಿ ಎಕ್ಸ್‌ರೇ ನೋಡಿ ಪಟ್ಟಿ ಕಟ್ಟಬೇಕೋ ಮನೆಗೆ ಕಳಿಸಬೇಕೋ ಅಂತ ತೀರ್ಮಾನಿಸುವವನು ನಾನೇ. ರೇಡಿಯಾಲಜಿಸ್ಟರ ವರದಿ ಬರುವುದು ಬೆಳಿಗ್ಗೆ. ಎಕ್ಸ್‌ರೇಯಲ್ಲಿ ಮೂಳೆಮುರಿತ ಹುಡುಕುವ ಈ ಎಐ ತಂತ್ರಾಂಶ ತರಿಸಿದ್ದೇ ಆ ನಡುವಿನ ಹೊತ್ತಿಗೆ. ಅದರ ಗುಣಗಾನ ಕಂಪನಿಯವರೇ ಮಾಡಿಕೊಂಡಿದ್ದಾರೆ, ಬಿಡಿ.

ಚಿತ್ರ ತೆರೆದ ಕೂಡಲೇ, ಮುರಿತ ಇದೆ ಅನ್ನಿಸಿದ ಕಡೆ ಎಐ ಹಾಕಿದ ಚೌಕಗಳನ್ನು ಮರೆಮಾಡುತ್ತೇನೆ. ಮೂಳೆಯ ಅಂಚಿನ ಗುಂಟ ಮೌಸನ್ನು ನಿಧಾನ ಓಡಿಸುತ್ತೇನೆ: ಗೆರೆ ಎಲ್ಲಾದರೂ ತುಂಡಾಗಿದೆಯಾ, ಸುಕ್ಕಾಗಿದೆಯಾ ಅಂತ. ಮೊಣಕೈಯಾದರೆ ಹಿಂಬದಿಯ ಕೊಬ್ಬಿನ ಕಪ್ಪು ನೆರಳನ್ನು ಹುಡುಕುತ್ತೇನೆ. ಅದು ಕಂಡರೆ ಬಿರುಕು ಕಾಣದಿದ್ದರೂ ಅನುಮಾನ ಪಡಬೇಕು. ಮನಸ್ಸಿನಲ್ಲೇ ಉತ್ತರ ಹೇಳಿಕೊಂಡ ಮೇಲೆ ಕೀಲಿ ಒತ್ತಿ ಚೌಕ ತರಿಸಿಕೊಳ್ಳುವುದು. ಇಬ್ಬರ ಉತ್ತರವೂ ಕೂಡಿತೋ, ಪರೀಕ್ಷೆಯಲ್ಲಿ ಪಾಸಾದಷ್ಟು ಖುಷಿ. ಪಕ್ಕೆಲುಬಿನ ವಿಷಯದಲ್ಲಿ ಮಾತ್ರ ಅದರ ಕಣ್ಣು ನನಗಿಂತ ಚುರುಕು.

ಮಕ್ಕಳ ಪಾದದಲ್ಲಿ ಒಮ್ಮೊಮ್ಮೆ ಎಡವುತ್ತದೆ. ಐದನೇ ಮೆಟಾಟಾರ್ಸಲ್, ಅಂದರೆ ಕಿರುಬೆರಳಿನ ಹಿಂದಿರುವ ಪಾದದ ಉದ್ದ ಮೂಳೆ, ಅದರ ಬುಡದಲ್ಲಿ ಬೆಳೆಯುವ ಮೂಳೆಯ ಗೆರೆ ಉದ್ದಕ್ಕಿರುತ್ತದೆ, ಮುರಿತ ಸಾಮಾನ್ಯವಾಗಿ ಅಡ್ಡಕ್ಕೆ. ಉದ್ದದ ಗೆರೆಗೂ ಚೌಕ ಹಾಕಿಬಿಡುತ್ತದೆ. ಇರಲಿ, ಇಲ್ಲದ್ದನ್ನು ಇದೆ ಅಂದರೆ ಇನ್ನೊಮ್ಮೆ ನೋಡಿದರಾಯಿತು.

ನನ್ನ ಸಿಟ್ಟು ಅದು ‘ಮುರಿತ ಇಲ್ಲ’ ಅಂತ ಹಾಕುವ ಹಸಿರು ಗುರುತಿನ ಮೇಲೆ. ಕೈಯೂರಿ ಬಿದ್ದವರು ಬರುತ್ತಾರೆ, ಹೆಬ್ಬೆರಳ ಬುಡದ ಗುಳಿ ಒತ್ತಿದರೆ ಕೈ ಎಳೆದುಕೊಳ್ಳುತ್ತಾರೆ. ಚಿತ್ರದಲ್ಲಿ ಏನೂ ಇಲ್ಲ. ಆ ಗುಳಿಯ ಕೆಳಗಿರುವ ಮಣಿಕಟ್ಟಿನ ಪುಟ್ಟ ಮೂಳೆ ಸ್ಕ್ಯಾಫಾಯಿಡ್; ಅದರ ಬಿರುಕು ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದಿರುವುದು ಹೊಸದೇನಲ್ಲ. ಸ್ಪ್ಲಿಂಟ್ ಹಾಕಿ 10–14 ದಿನ ಬಿಟ್ಟು ಮತ್ತೆ ತೆಗೆಸುತ್ತೇವೆ, ಇಲ್ಲವೇ ಎಂಆರ್‌ಐ ಮಾಡಿಸುತ್ತೇವೆ. ಆ ಮೂಳೆಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯಿಂದ ಬರುವುದರಿಂದ, ನಡುವೆ ಮುರಿದರೆ ಮೊಣಕೈ ಕಡೆಗಿನ ತುಂಡು ಸಾಯಬಹುದು. ಇಷ್ಟನ್ನು ವಿವರಿಸುವಷ್ಟರಲ್ಲಿ ರೋಗಿಯ ಕಣ್ಣು ಪರದೆಯ ಮೇಲೆ: “ಕಂಪ್ಯೂಟರೇ ಇಲ್ಲ ಅಂತಿದೆಯಲ್ಲ ಡಾಕ್ಟ್ರೇ, ಪಟ್ಟಿ ಯಾಕೆ?”

ನೋವು ಎಲ್ಲಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಕೇಳುವುದೂ ಇಲ್ಲ, ಹೇಳೋಣವೆಂದರೆ ಜಾಗವೂ ಇಲ್ಲ. ಯಾವ ಚಿಕಿತ್ಸೆ, ಉಪಕರಣ ಬಳಸಬಹುದು ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2025ರಲ್ಲಿ ಇಂಥ ನಾಲ್ಕು ತಂತ್ರಾಂಶಗಳಿಗೆ ಹೂಂ ಅಂದಾಗಲೂ, ವೈದ್ಯಕೀಯ ಸಿಬ್ಬಂದಿಯೂ ಚಿತ್ರ ನೋಡಲೇಬೇಕು, ಬಳಸುತ್ತಲೇ ಇನ್ನಷ್ಟು ಪುರಾವೆ ಕೂಡಿಸಬೇಕು ಅಂದಿತ್ತು. ಆ ಎಚ್ಚರದಲ್ಲಿ ಕಾಲುಭಾಗವಾದರೂ ಪರದೆಯ ಮೇಲೆ ಕಾಣಬಾರದೇ?

ಹಾಗಂತ ತೆಗೆಸಿಹಾಕುವ ಮನಸ್ಸಿಲ್ಲ. ನಸುಕಿಗೆ ಕಣ್ಣು ಎಳೆಯುವಾಗ ಅದು ಹಾಕಿದ ಚೌಕವೊಂದು ನನ್ನನ್ನು ನೆಟ್ಟಗೆ ಕೂರಿಸಿದ್ದುಂಟು. ನಮ್ಮಲ್ಲಿ ಚಿತ್ರಕ್ಕಿಷ್ಟು ಅಂತ ದುಡ್ಡು ಕಟ್ಟಬೇಕು. ಹಗಲು ರೇಡಿಯಾಲಜಿಸ್ಟರು ಇರುವಾಗ ದಂಡ, ರಾತ್ರಿಗೆ ಮಾತ್ರ ಸಾಕು ಅಂತ ಆಡಳಿತದವರಿಗೆ ಹೇಳಿದ್ದೇನೆ. ನಾನು ಕೊಡುವ ಅಂಕ ಐದಕ್ಕೆ ಮೂರೂವರೆ. ಹಸಿರು ಗುರುತು ತೆಗೆದು ‘ಚಿತ್ರದಲ್ಲಿ ಕಾಣಲಿಲ್ಲ’ ಅಂತ ಬರೆದರೆ ನಾಲ್ಕೂವರೆ. ಅಲ್ಲಿಯವರೆಗೆ ಪರದೆಯನ್ನು ರೋಗಿಗೆ ಕಾಣದಂತೆ ತಿರುಗಿಸಿಟ್ಟಿದ್ದೇನೆ.