ಮಧುನಾಶಿನಿ ಎಲೆಪುಡಿ: ಹದಿನಾಲ್ಕು ತಿಂಗಳ ಬಳಕೆಯ ನಂತರ

ಆರು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆರಡು ಬಾರಿ ನುಂಗುತ್ತಿರುವ ನಾನು, ವೈದ್ಯರಿಗೆ ತಿಳಿಸಿಯೇ, ಗ್ರಂಧಿಗೆ ಅಂಗಡಿಯಿಂದ ತಂದ ಮಧುನಾಶಿನಿ ಎಂಬ ಬಳ್ಳಿಯ ಎಲೆಪುಡಿಯನ್ನು ಎರಡು ಹೊತ್ತೂ ಊಟಕ್ಕೆ ಮುಂಚೆ ಅರ್ಧ ಚಮಚದಂತೆ ಬಿಸಿನೀರಿನಲ್ಲಿ ಕದಡಿ ಕುಡಿಯಲು ಆರಂಭಿಸಿದೆ.

ಪುಡಿ ಅಸಲಿಯೇ ಎಂಬುದನ್ನು ನಾಲಿಗೆಯೇ ಹೇಳುತ್ತದೆ. ಚಿಟಿಕೆ ಪುಡಿಯನ್ನು ಒಂದು ನಿಮಿಷ ನಾಲಿಗೆಯ ಮೇಲೆ ಹರಡಿಕೊಂಡು, ಬಾಯಿ ಮುಕ್ಕಳಿಸಿ, ಬೆಲ್ಲದ ಚೂರನ್ನು ಹಾಕಿಕೊಂಡೆ. ಬೆಲ್ಲ ಕರಗಿತು, ಸಿಹಿ ಮಾತ್ರ ಬರಲಿಲ್ಲ. ಅದರೊಳಗಿನ ಉಪ್ಪು ಮತ್ತು ಸುಣ್ಣದ ಒಗರಷ್ಟೇ ತಿಳಿಯಿತು. ಸಕ್ಕರೆ ಹಾಕಿಕೊಂಡರೆ ಮರಳು ಅಗಿದಂತಿತ್ತು. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ಸಿಹಿಯನ್ನು ಗುರುತಿಸುವ ಗ್ರಾಹಕಗಳನ್ನು ತಾತ್ಕಾಲಿಕವಾಗಿ ತಡೆಯುವುದರಿಂದ ಹೀಗಾಗುತ್ತದೆ. ನನಗೆ ಸುಮಾರು ಅರ್ಧ ಗಂಟೆಯಲ್ಲಿ ರುಚಿ ಮರಳಿತು. ಮೂರನೆಯ ಪೊಟ್ಟಣದ ಪುಡಿ ಅಷ್ಟೇ ಹಸಿರಾಗಿ, ಅಷ್ಟೇ ಕಹಿಯಾಗಿದ್ದರೂ ಬೆಲ್ಲ ಎಂದಿನಂತೆ ಸಿಹಿಯಾಗಿಯೇ ಇತ್ತು. ಅಂಗಡಿಯವರು ಅದನ್ನು ವಾಪಸು ಪಡೆಯಲಿಲ್ಲ.

ಆದರೆ ನಾಲಿಗೆ ಒಪ್ಪಿದ ಮಾತ್ರಕ್ಕೆ ರಕ್ತ ಒಪ್ಪಬೇಕೆಂದಿಲ್ಲ. ರಕ್ತದ ಸಕ್ಕರೆಯ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿ ಆರಂಭದಲ್ಲಿ ಶೇಕಡಾ 7.9 ಇದ್ದದ್ದು ಆರು ತಿಂಗಳಲ್ಲಿ 7.2ಕ್ಕೆ ಇಳಿದಾಗ ಮನೆಯವರೆಲ್ಲ ಪುಡಿಯನ್ನು ಹೊಗಳಿದರು. ಅದೇ ಅವಧಿಯಲ್ಲಿ ನಾನು ಸಂಜೆ ನಲವತ್ತು ನಿಮಿಷ ನಡೆಯಲು ತೊಡಗಿದ್ದೆ, ರಾತ್ರಿಯ ಅನ್ನವನ್ನೂ ಬಿಟ್ಟಿದ್ದೆ. ಹಾಗಾಗಿ ಎಂಟನೆಯ ತಿಂಗಳ ಕೊನೆಗೆ, ನಡಿಗೆ, ಪಥ್ಯ, ಮಾತ್ರೆಗಳನ್ನು ಹಾಗೆಯೇ ಉಳಿಸಿಕೊಂಡು, ಪುಡಿಯೊಂದನ್ನೇ ಮೂರು ತಿಂಗಳು ನಿಲ್ಲಿಸಿದೆ. ಫಲಿತಾಂಶ 7.3 ಬಂತು. ಮತ್ತೆ ಮೂರು ತಿಂಗಳು ಸೇವಿಸಿದಾಗ 7.2. ಇಷ್ಟು ವ್ಯತ್ಯಾಸ ಪ್ರಯೋಗಾಲಯದ ಅಳತೆಯಲ್ಲೇ ಬರಬಹುದಾದದ್ದು. ಆದ್ದರಿಂದ ಇಳಿಕೆಯ ಶ್ರೇಯಸ್ಸನ್ನು ನಾನು ನಡಿಗೆಗೂ ಪಥ್ಯಕ್ಕೂ ಕೊಡುತ್ತೇನೆ.

1990ರಲ್ಲಿ ಪ್ರಕಟವಾದ ಮದ್ರಾಸಿನ ಅಧ್ಯಯನವೊಂದನ್ನು ಮಾರಾಟಗಾರರು ಆಗಾಗ ಉದಾಹರಿಸುತ್ತಾರೆ. ಮಾತ್ರೆಗಳ ಜೊತೆಗೆ ದಿನಕ್ಕೆ 400 ಮಿಲಿಗ್ರಾಂ ಸಾರವನ್ನು 18ರಿಂದ 20 ತಿಂಗಳು ಸೇವಿಸಿದ 22 ಮಂದಿಯಲ್ಲಿ ಐವರು ಮಾತ್ರೆ ಬಿಡಲು ಸಾಧ್ಯವಾಯಿತೆಂದು ಅದು ಹೇಳುತ್ತದೆ. ಅಲ್ಲಿ ಬಳಸಿದ್ದು ಎಲೆಯಿಂದ ತೆಗೆದ ಸಾರ, ಪೊಟ್ಟಣದ ಪುಡಿಯಲ್ಲ. ಅಷ್ಟು ಚಿಕ್ಕ ಗುಂಪನ್ನು ನೆಚ್ಚಿ ಯಾರೂ ಮಾತ್ರೆ ನಿಲ್ಲಿಸಬಾರದು.

ಈಗ ಮಧ್ಯಾಹ್ನದ ಊಟವಾದ ಮೇಲೆ ಮಾತ್ರ ಒಂದು ಚಿಟಿಕೆಯನ್ನು ನಾಲಿಗೆಗೆ ಹಾಕಿಕೊಳ್ಳುತ್ತೇನೆ. ಸಿಹಿಯ ಹಂಬಲವನ್ನು ಅದು ನಿಜಕ್ಕೂ ತಡೆಯುತ್ತದೆ. ಹಬ್ಬದ ದಿನ ಹೋಳಿಗೆಯ ತಟ್ಟೆಯನ್ನು ಮುಂದಿನವರಿಗೆ ದಾಟಿಸಲು ನನಗೆ ಕಷ್ಟವಾಗಲಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ಸಕ್ಕರೆಯಂಶ ಏಕಾಏಕಿ ಕುಸಿಯುವ ಸಾಧ್ಯತೆಯನ್ನು ವೈದ್ಯರೊಂದಿಗೆ ಚರ್ಚಿಸಿಯೇ ಇದನ್ನು ಮುಟ್ಟಬೇಕು.