ಮಾಸಿದ ಮಸಿಯ ಮುಂದೆ: ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್

ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಮೂಲಪ್ರತಿಯನ್ನು ಕಣ್ಣಾರೆ ಓದಬೇಕೆಂದು ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ಗೆ, ಅಂದರೆ ದೇಶದ ದಾಖಲೆಗಳ ಭಂಡಾರಕ್ಕೆ, ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಅದನ್ನು ಓದಲಾಗುವುದಿಲ್ಲ. ತಲೆಬರಹದ ದೊಡ್ಡಕ್ಷರಗಳು ಹೇಗೋ ಗೋಚರಿಸುತ್ತವೆ. ಅದರ ಕೆಳಗಿನ ಸಾಲುಗಳು ಮಬ್ಬುಬೆಳಕಿನಲ್ಲಿ ಚರ್ಮದ ಹಾಳೆಯ ಬಣ್ಣಕ್ಕೇ ಇಳಿದುಹೋಗಿವೆ. 56 ಸಹಿಗಳಿರುವ ಜಾಗದಲ್ಲಿ, ಘೋಷಣೆ ಹೊರಡಿಸಿದ ಸಭೆಯ ಅಧ್ಯಕ್ಷ ಜಾನ್ ಹ್ಯಾನ್‌ಕಾಕ್‌ನ ದೊಡ್ಡ ಸಹಿಯನ್ನೂ ಹುಡುಕಿಯೇ ಗುರುತಿಸಬೇಕು. ಆದರೂ ಈ ಭೇಟಿ ವ್ಯರ್ಥವೆನಿಸಲಿಲ್ಲ, ಏಕೆಂದರೆ ಇಲ್ಲಿ ನೋಡಬೇಕಾದದ್ದು ಬರಹಕ್ಕಿಂತ ಹೆಚ್ಚಾಗಿ ಅದರ ಸವೆತವನ್ನು.

ಹಾಳೆಯ ಎಡಗಡೆಯ ಕೆಳಮೂಲೆಗೆ ಬಾಗಿ ನೋಡಿದರೆ ಒಂದು ಅಂಗೈಯ ಗುರುತು ಕಾಣುತ್ತದೆ. ಯಾರ ಕೈಯೋ, ಯಾವಾಗ ಊರಿದ್ದೋ ದಾಖಲೆಯಿಲ್ಲ. 1776ರಲ್ಲಿ ಸಹಿಯಾದ ಮೇಲೆ ಸುರುಳಿ ಸುತ್ತಿಸಿಕೊಂಡು ಊರೂರು ಅಲೆದ ಈ ಪತ್ರವನ್ನು 1841ರಿಂದ 1876ರವರೆಗೆ, ಅಂದರೆ ಪೂರ್ತಿ 35 ವರ್ಷ, ಪೇಟೆಂಟ್ ಕಚೇರಿಯ ಕಟ್ಟಡದಲ್ಲಿ ಕಿಟಕಿಯ ಬೆಳಕು ಬೀಳುವ ಗೋಡೆಗೆ ತೂಗುಹಾಕಿದ್ದರು. ಜನರಿಗೆ ತೋರಿಸಬೇಕೆಂಬ ಆದರವೇ ಅದರ ಮಸಿಯನ್ನು ತಿಂದಿತೆನ್ನಬೇಕು. ಅದೇ ಸಭಾಂಗಣದಲ್ಲಿರುವ 1787ರ ಸಂವಿಧಾನದ ನಾಲ್ಕು ಹಾಳೆಗಳತ್ತ ತಿರುಗಿದರೆ ಈ ಮಾತು ತಾನೇ ಮನದಟ್ಟಾಗುತ್ತದೆ: ಕೇವಲ 11 ವರ್ಷ ಕಿರಿಯದಾದ ಆ ಬರಹ, ಬಹುಕಾಲ ಯಾರ ಕಣ್ಣಿಗೂ ಬೀಳದೆ ಒಳಗೇ ಉಳಿದದ್ದರಿಂದ, ಈಗಲೂ ಸಲೀಸಾಗಿ ಓದಿಸಿಕೊಳ್ಳುತ್ತದೆ.

ಈಗಿನ ವ್ಯವಸ್ಥೆಯ ಬಗ್ಗೆ ನನಗೆ ಮೆಚ್ಚುಗೆಯೇ ಹೆಚ್ಚು. 1951ರಲ್ಲಿ ಹೀಲಿಯಂ ಅನಿಲ ತುಂಬಿದ ಗಾಜಿನ ಪೆಟ್ಟಿಗೆಯಲ್ಲಿ ಭದ್ರಪಡಿಸಿದ್ದ ಪತ್ರವನ್ನು, ಆ ಗಾಜಿನಲ್ಲೇ ಹಾಳಾಗುತ್ತಿರುವ ಚಿಹ್ನೆಗಳು ಕಂಡುಬಂದ ಮೇಲೆ, ಟೈಟಾನಿಯಂ ಚೌಕಟ್ಟಿನ ಹೊಸ ಪೆಟ್ಟಿಗೆಗೆ ಬದಲಾಯಿಸಿ 2003ರಲ್ಲಿ ಮತ್ತೆ ಪ್ರದರ್ಶನಕ್ಕಿಟ್ಟರು. ಒಳಗಿರುವುದು ಆರ್ಗಾನ್ ಅನಿಲ. ಅದರ ಪರಮಾಣು ಹೀಲಿಯಂನದಕ್ಕಿಂತ ದೊಡ್ಡದಾದ್ದರಿಂದ ಸೋರಿಹೋಗುವುದು ಕಡಿಮೆ. ಮೇಲಿನ ಗಾಜು ಹಾಳೆಯನ್ನು ಮುಟ್ಟದಂತೆ ನಡುವೆ ತೆರವು ಬಿಟ್ಟಿದ್ದಾರೆ. ಚರ್ಮದ ಹಾಳೆ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವ ವಸ್ತುವಾದ್ದರಿಂದ, ಮತ್ತು ಹಾಗೆ ಅಲುಗಿದಾಗಲೆಲ್ಲ ಒಣಗಿದ ಮಸಿ ಹಕ್ಕಳೆಯಾಗಿ ಏಳಬಹುದಾದ್ದರಿಂದ, ಒಳಗಿನ ತೇವವನ್ನು ಒಂದೇ ಹದದಲ್ಲಿ ಇಡುತ್ತಾರೆ. ಸಾಲಿನಲ್ಲಿ ನನ್ನ ಹಿಂದಿದ್ದವರೊಬ್ಬರು ದೀಪ ಸಾಲದೆಂದು ಗೊಣಗುತ್ತಿದ್ದರು; ಆ 35 ವರ್ಷಗಳ ಕಥೆ ಗೊತ್ತಿದ್ದರೆ ಈ ಮಬ್ಬನ್ನು ಕೊರತೆಯೆನ್ನಲು ಮನಸ್ಸು ಬಾರದು. ಛಾಯಾಚಿತ್ರ ತೆಗೆಯುವುದನ್ನೂ 2010ರಿಂದ ನಿಷೇಧಿಸಿದ್ದಾರೆ.

ಪ್ರವೇಶ ಉಚಿತ. ನನ್ನ ಅಸಮಾಧಾನವೇನಿದ್ದರೂ ನಾವು ನೆಚ್ಚಿಕೊಂಡಿದ್ದ ಪ್ರವಾಸ ಸಂಸ್ಥೆಯ ಮೇಲೆ. ಅವರು ಇಲ್ಲಿಗೆಂದು ಇಪ್ಪತ್ತೇ ನಿಮಿಷ ಕೊಟ್ಟಿದ್ದರು, ಅದರಲ್ಲಿ ಅರ್ಧ ಸಾಲಿನಲ್ಲೇ ಕಳೆಯಿತು. ಕಣ್ಣು ಕತ್ತಲೆಗೆ ಒಗ್ಗಿಕೊಳ್ಳುವುದಕ್ಕೇ ಒಂದಷ್ಟು ಹೊತ್ತು ಬೇಕು, ಆದ್ದರಿಂದ ಹೋಗುವವರು ಕನಿಷ್ಠ ಒಂದು ಗಂಟೆಯನ್ನಾದರೂ ಇಟ್ಟುಕೊಳ್ಳಲಿ.

ಪಠ್ಯವನ್ನು ಮಾತ್ರ ಮನೆಯಲ್ಲೇ ಓದಿಕೊಂಡು ಹೋಗುವುದು ಮೇಲು. ಮೂಲಪ್ರತಿ ಆಗಲೇ ಮಾಸುತ್ತಿದ್ದುದನ್ನು ಕಂಡು ಆಗಿನ ವಿದೇಶಾಂಗ ಸಚಿವ ಜಾನ್ ಕ್ವಿನ್ಸಿ ಆಡಮ್ಸ್ ಮಾಡಿಸಿದ, ವಿಲಿಯಂ ಸ್ಟೋನ್ ತಾಮ್ರದ ತಗಡಿನಲ್ಲಿ ಕೊರೆದು 1823ರಲ್ಲಿ ಮುಗಿಸಿದ ಪ್ರತಿರೂಪದಲ್ಲಿ ಪ್ರತಿಯೊಂದು ಸಹಿಯೂ ಕಪ್ಪಗೆ, ನಿಚ್ಚಳವಾಗಿದೆ. ಹ್ಯಾನ್‌ಕಾಕ್ ಎಷ್ಟು ದೊಡ್ಡದಾಗಿ ಬರೆದಿದ್ದನೆಂಬುದು ನನಗೆ ತಿಳಿದದ್ದೂ ಅದರಲ್ಲಿಯೇ.