ಯು ಇಲ್ಲದ ಕ್ಯೂ ಹುಡುಕುತ್ತಾ: ಒನ್‌ಲುಕ್ ಜೊತೆ ಮೂರು ವರ್ಷ

ಕೈಯಲ್ಲಿ ಕ್ಯೂ ಇದೆ, ಯು ಇಲ್ಲ. ಇಂಗ್ಲಿಷ್ ಅಕ್ಷರದ ಬಿಲ್ಲೆ ಜೋಡಿಸಿ ಪದ ಮಾಡುವ ಸ್ಕ್ರ್ಯಾಬಲ್ ಆಡುವವರಿಗೆಲ್ಲ ಈ ಸಂಕಟ ಗೊತ್ತು. ಇಂಗ್ಲಿಷಿನಲ್ಲಿ ಕ್ಯೂ ಬಂದರೆ ಹೆಚ್ಚಾಗಿ ಅದರ ಹಿಂದೆಯೇ ಯು ಬರಬೇಕು. 100 ಬಿಲ್ಲೆಗಳಲ್ಲಿ ಕ್ಯೂ ಇರುವುದು ಒಂದೇ. ಅದಕ್ಕೆ 10 ಅಂಕ. ಆಟ ಮುಗಿಯುವಾಗ ಕೈಯಲ್ಲೇ ಉಳಿದರೆ ಆ 10 ಅಂಕ ನಮ್ಮ ಲೆಕ್ಕದಿಂದಲೇ ಹೋಗುತ್ತದೆ. ಈ ಸಂಕಟದಿಂದ ನನ್ನನ್ನು ಪಾರು ಮಾಡಿದ್ದು ಒನ್‌ಲುಕ್ ಎಂಬ ಪದ ಹುಡುಕುವ ಜಾಲತಾಣ.

ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪತ್ರಿಕೆಯ ಪದಬಂಧ ಬಿಡಿಸುವ ಅಭ್ಯಾಸ ಚಿಕ್ಕಂದಿನಿಂದ ಇದೆ. ಪದಬಂಧದಲ್ಲಿ 'ಸ್ತ್ರೀ' ಬರೆಯಲು ಒಂದೇ ಮನೆ ಸಾಕು. ಇಂಗ್ಲಿಷಿನ 'ಸ್ಟ್ರೀಟ್'ಗೆ 6 ಮನೆ ಬೇಕು. ಸೊಸೆ ಸ್ಕ್ರ್ಯಾಬಲ್ ಕಲಿಸಿದಾಗ ನನಗೆ ಕಷ್ಟವಾಗಿದ್ದು ಇದೇ. ಪದ ಗೊತ್ತಿದ್ದರೂ ಅದು ಬಿಡಿ ಅಕ್ಷರಗಳಾಗಿ ಕಣ್ಣಿಗೆ ಬೀಳುತ್ತಿರಲಿಲ್ಲ.

ಮೊದಲು ಫೋನಿನಲ್ಲಿ ಒಂದು ಪದ ಹುಡುಕುವ ಆ್ಯಪ್ ಹಾಕಿಕೊಂಡಿದ್ದೆ. ಅಕ್ಷರ ಕೊಟ್ಟರೆ ನೂರಾರು ಪದ ಸುರಿಯುತ್ತಿತ್ತು. ಒಂದಕ್ಕೂ ಅರ್ಥ ಇಲ್ಲ, ನಡುನಡುವೆ ಜಾಹೀರಾತು. ಅರ್ಥ ಗೊತ್ತಿಲ್ಲದ ಪದ ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ಸಂಜೆ ನೋಡಿದ್ದು ಬೆಳಿಗ್ಗೆ ಮರೆತಿರುತ್ತಿತ್ತು.

ಆಮೇಲೆ ಒಂದು ಸಂಜೆ ಸೊಸೆ ಕ್ಯೂ, ಎ, ಎನ್, ಎ, ಟಿ ಎಂದು ಐದು ಬಿಲ್ಲೆ ಜೋಡಿಸಿದಳು. ಇದೆಂಥ ಪದ, ಚಾಲೆಂಜ್ ಎಂದೆ. ಅಂದರೆ ಇಂಥ ಪದವೇ ಇಲ್ಲ ಎಂದು ತಕರಾರು ತೆಗೆದೆ. "ನೋಡಿ ಅತ್ತೆ, ಪದ ಇದ್ರೆ ನಿಮ್ಮ ಸರದಿ ಹೋಗತ್ತೆ" ಎಂದಳು. ಪದ ಇತ್ತು. ಸರದಿ ಹೋಯಿತು. ಊಟವಾದ ಮೇಲೆ ಅವಳೇ ಲ್ಯಾಪ್‌ಟಾಪ್ ತಂದು ಒನ್‌ಲುಕ್ ತೆರೆದು ತೋರಿಸಿದಳು. ಕನಾತ್ ಎಂದರೆ ನೆಲದಡಿಯ ನೀರಿನ ಕಾಲುವೆ. ಇರಾನಿನ ಕಡೆ ಎತ್ತರದ ಜಾಗದ ಅಂತರ್ಜಲವನ್ನು ಇಳಿಜಾರು ಸುರಂಗದಲ್ಲಿ ದೂರಕ್ಕೆ ಹರಿಸುತ್ತಾರೆ. ಮೇಲಿನಿಂದ ಅಲ್ಲಲ್ಲಿ ಬಾವಿಯಂಥ ಕಿಂಡಿ ಇರುತ್ತದೆ. ಓದುತ್ತಿದ್ದಂತೆ ಮೈ ಜುಮ್ಮೆಂದಿತು. ಇದನ್ನು ನಾನು ಬಗ್ಗಿ ನೋಡಿದ್ದೆ! ಬೀದರಿನ ನೌಬಾದ್‌ನಲ್ಲಿರುವ ಕರೇಜ್ ಇದೇ ತಾನೇ? ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ಇದೇ ವಿದ್ಯೆಯಿಂದ ತೋಡಿದ್ದು. ಸುರಂಗ ಬಾವಿ ಎಂದೂ ಕರೆಯುತ್ತಾರೆ. ಆ ಪದ ಇನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಅವತ್ತಿನಿಂದ ಒನ್‌ಲುಕ್ ಬಳಸುತ್ತಿದ್ದೇನೆ. ಹಣ ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. ಇರುವುದು ಒಂದು ಹುಡುಕು ಪೆಟ್ಟಿಗೆ. ಅದರಲ್ಲಿ ಬರೆಯುವ ಚಿಹ್ನೆಗಳನ್ನು ಕಲಿತರೆ ಸಾಕು. ಪ್ರಶ್ನೆ ಚಿಹ್ನೆ ಎಂದರೆ ಯಾವುದೋ ಒಂದು ಅಕ್ಷರ. ನಕ್ಷತ್ರ ಚಿಹ್ನೆ ಎಂದರೆ ಎಷ್ಟು ಅಕ್ಷರ ಬೇಕಾದರೂ ಇರಬಹುದು. ಕೊನೆಯಲ್ಲಿ ಮೈನಸ್ ಹಾಕಿ ಅಕ್ಷರ ಬರೆದರೆ ಆ ಅಕ್ಷರ ಇರುವ ಪದಗಳನ್ನು ಬಿಟ್ಟುಬಿಡುತ್ತದೆ. ನನ್ನ ಕ್ಯೂ ಸಂಕಟಕ್ಕೆ ಮದ್ದು ಸಿಕ್ಕಿದ್ದು ಇಲ್ಲೇ. ನಕ್ಷತ್ರ, ಕ್ಯೂ, ನಕ್ಷತ್ರ, ಮೈನಸ್, ಯು. ಇಷ್ಟು ಬರೆದರೆ ಯು ಇಲ್ಲದ ಕ್ಯೂ ಪದಗಳ ಸಾಲು ಬರುತ್ತದೆ. ಎಷ್ಟೋ ಪದ ನಮಗೆ ಹೊಸದೇ ಅಲ್ಲ. ಫಕೀರ ಇದ್ದಾನೆ, ಎಫ್-ಎ-ಕ್ಯೂ-ಐ-ಆರ್, 17 ಅಂಕ. ತಲಾಖ್ ಇದೆ. ಅರಬ್ಬಿಯಿಂದ ಇತ್ತ ಕನ್ನಡಕ್ಕೂ ಅತ್ತ ಇಂಗ್ಲಿಷಿಗೂ ಹೋದ ಪದಗಳು ಇವು. ಚೀನಾದವರು ಹೇಳುವ ಪ್ರಾಣಶಕ್ತಿ 'ಚೀ' ಕೂಡ ಇದೆ. ಕ್ಯೂ-ಐ ಎಂದು ಎರಡೇ ಬಿಲ್ಲೆ, 11 ಅಂಕ. ಸ್ಕ್ರ್ಯಾಬಲ್ ಕಲಿಯುವವರು ಮೊದಲು ಇದೊಂದನ್ನು ಬಾಯಿಪಾಠ ಮಾಡಿಕೊಳ್ಳಿ.

ಅಕ್ಷರ ಕಲಸಿ ಪದ ಮಾಡುವುದಕ್ಕೆ ಅಕ್ಷರಗಳಿಗಿಂತ ಮೊದಲು ಎರಡು ಓರೆಗೆರೆ (//) ಹಾಕಬೇಕು. 'ಲಿಸನ್' ಪದದ ಆರು ಅಕ್ಷರ ಕೊಟ್ಟರೆ ಸೈಲೆಂಟ್, ಎನ್‌ಲಿಸ್ಟ್, ಟಿನ್ಸೆಲ್ ಬರುತ್ತವೆ. ಸ್ಕ್ರ್ಯಾಬಲ್ ಆಟದಲ್ಲಿ ಕೈಯಲ್ಲಿರುವ ಏಳೂ ಬಿಲ್ಲೆ ಒಟ್ಟಿಗೆ ಇಟ್ಟರೆ 50 ಅಂಕ ಜಾಸ್ತಿ ಸಿಗುತ್ತದೆ ಅಲ್ವಾ, ಅದಕ್ಕೆ ಕಣ್ಣು ಪಳಗಬೇಕಾದರೆ ಈ ಅಭ್ಯಾಸ ಬೇಕೇ ಬೇಕು. ಇಂಗ್ಲಿಷ್ ಪದಬಂಧ ಬಿಡಿಸುವವರಿಗೆ ಕೋಲನ್ ಚಿಹ್ನೆ ಇನ್ನೂ ಉಪಯೋಗ. ಐದು ಪ್ರಶ್ನೆ ಚಿಹ್ನೆ, ಕೋಲನ್, ಆಮೇಲೆ 'ಟ್ರೀ' ಎಂದು ಬರೆದರೆ ಮೇಪಲ್, ಸೀಡರ್ ತರದ ಐದಕ್ಷರದ ಮರಗಳು ಸಿಗುತ್ತವೆ. ಅಕ್ಷರ, ಅರ್ಥ ಎರಡನ್ನೂ ಒಟ್ಟಿಗೆ ಹುಡುಕುವುದು ನನಗೆ ತುಂಬಾ ಇಷ್ಟವಾದ ಸೌಲಭ್ಯ.

ಮೊಮ್ಮಗ ವರ್ಡಲ್ ಆಡುತ್ತಾನೆ. ಐದಕ್ಷರದ ಪದ, ಆರು ಅವಕಾಶ. ಅವನ ಆಟ ಮುಗಿದ ಮೇಲೆ ಇಬ್ಬರೂ ಕೂತು ನೋಡುತ್ತೇವೆ. ಸಿ, ಆರ್ ಮೊದಲೆರಡು ಎಂದು ಗೊತ್ತಾಗಿತ್ತು, ಎ ಮತ್ತು ಇ ಇಲ್ಲ ಎಂದೂ ಗೊತ್ತಾಗಿತ್ತು. ಹಾಗಾದರೆ ಇನ್ನು ಯಾವ ಪದಗಳು ಉಳಿದಿದ್ದವು? ಕ್ರಿಸ್ಪ್, ಕ್ರೌನ್, ಕ್ರಸ್ಟ್, ಕ್ರಂಬ್. ಆಟದ ನಡುವೆ ಮಾತ್ರ ನಮ್ಮ ಮನೆಯಲ್ಲಿ ಯಾರೂ ಹುಡುಕುವಂತಿಲ್ಲ. ಇದು ನಾನೇ ಮಾಡಿದ ನಿಯಮ. ಎದುರಿಗೆ ಕೂತವರ ಜೊತೆ ಆಡುವಾಗ ಪದ ತಲೆಯಿಂದ ಬರಬೇಕು.

ಒಂದು ಮಾತು ನೆನಪಿಡಿ. ಒನ್‌ಲುಕ್ ಹಲವಾರು ನಿಘಂಟುಗಳನ್ನು ಒಟ್ಟಿಗೆ ಹುಡುಕುತ್ತದೆ. ಆದ್ದರಿಂದ ಕ್ಯೂ ಸಾಲಿನಲ್ಲಿ ಖತಾರ್, ಇರಾಕ್ ಕೂಡ ಬರುತ್ತವೆ. ಎರಡು ಮೂರು ಪದ ಸೇರಿದ ಮಾತುಗಳೂ ಬರುತ್ತವೆ. ಸ್ಕ್ರ್ಯಾಬಲ್‌ನಲ್ಲಿ ಅವು ನಡೆಯುವುದಿಲ್ಲ. ಒಂದು ಪದ ಆಟಕ್ಕೆ ಸಲ್ಲುತ್ತದೋ ಇಲ್ಲವೋ ಎನ್ನುವುದಕ್ಕೆ ನಿಘಂಟು ಪ್ರಕಾಶಕರಾದ ಕಾಲಿನ್ಸ್‌ನ ಸ್ಕ್ರ್ಯಾಬಲ್ ಪಟ್ಟಿಯನ್ನೇ ನೋಡಬೇಕು. ಭಾರತದ ಪಂದ್ಯಗಳಲ್ಲೂ ಅದೇ ಪಟ್ಟಿ. ಅಮೆರಿಕ, ಕೆನಡಾದಲ್ಲಿ ಬೇರೆ ಪಟ್ಟಿ ಇದೆ. ಅಲ್ಲಿರುವ ಮಕ್ಕಳ ಜೊತೆ ಆನ್‌ಲೈನ್ ಆಡುವವರು ಯಾವ ಪಟ್ಟಿ ಎಂದು ಮೊದಲೇ ಮಾತಾಡಿಕೊಳ್ಳಿ. ಇಲ್ಲಿ ಸರಿಯಾದ ಪದ ಅಲ್ಲಿ ತಪ್ಪಾಗಬಹುದು.

ಐದಕ್ಕೆ ನಾಲ್ಕೂವರೆ ನಕ್ಷತ್ರ ಕೊಡುತ್ತೇನೆ. ಆ ಅರ್ಧ ಕಳೆದಿದ್ದು ಚಿಹ್ನೆಗಳಿಗಾಗಿ. ಮೊದಲ ಸಲ ಬಂದವರಿಗೆ ಅವು ತಾವಾಗಿ ತಿಳಿಯುವುದಿಲ್ಲ. ಯಾರಾದರೂ ಪಕ್ಕದಲ್ಲಿ ಕೂತು ಹೇಳಿಕೊಡಬೇಕು. ನನಗೆ ಸೊಸೆ ಹೇಳಿಕೊಟ್ಟಳು. ಈಗ ಮೊಮ್ಮಗನಿಗೆ ನಾನು ಹೇಳಿಕೊಡುತ್ತಿದ್ದೇನೆ. ಕಳೆದ ಭಾನುವಾರ ಅವನು ಐ-ಡಿ-ಎಲ್-ಐ ಎಂದು ಜೋಡಿಸಿ ನನ್ನ ಮುಖ ನೋಡಿದ. ನಾನು ಚಾಲೆಂಜ್ ಮಾಡಲಿಲ್ಲ. ಇಡ್ಲಿ ಆ ಪಟ್ಟಿಯಲ್ಲಿ ಇದೆ ಎಂದು ನನಗೆ ಗೊತ್ತಿತ್ತು.